ಅವ್ವನ ಗರ್ಭಚೀಲದ ಕ್ಯಾನ್ಸರ್: ಈ ಇಮ್ಯೂನ್ ಜೀನ್ ಸ್ಕೋರ್ ಟೆಸ್ಟ್ ಮಾಡಿಸಬೇಕಾ?

ಅವ್ವನಮಗಳು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅವ್ವನಿಗೆ 56 ವರ್ಷ. ಮುಟ್ಟು ನಿಂತು ಆರು ವರ್ಷ ಆಗಿತ್ತು. ಸಂಕ್ರಾಂತಿ ಹೊತ್ತಿಗೆ ಮತ್ತೆ ರಕ್ತ ಕಾಣಿಸಿದೆ, ಎರಡು ತಿಂಗಳು ಯಾರಿಗೂ ಹೇಳಿಲ್ಲ. ಬಚ್ಚಲಲ್ಲಿ ಬಟ್ಟೆ ನೋಡಿ ನನಗೆ ಗೊತ್ತಾಯಿತು. ಸ್ಕ್ಯಾನ್‌ನಲ್ಲಿ ಒಳಪದರ 14 ಮಿಲಿಮೀಟರ್ ದಪ್ಪ ಇತ್ತು. ಬಯಾಪ್ಸಿ ಆಯಿತು, ಆಪರೇಷನ್ ಆಯಿತು. ಗರ್ಭಚೀಲ, ಎರಡೂ ಅಂಡಾಶಯ ತೆಗೆದಿದ್ದಾರೆ. ರಿಪೋರ್ಟ್‌ನಲ್ಲಿ ಎಂಡೊಮೆಟ್ರಿಯಾಯ್ಡ್, ಗ್ರೇಡ್ 2, ಸ್ಟೇಜ್ 1ಬಿ ಅಂತ ಇದೆ. ಅಂದರೆ ಗರ್ಭಚೀಲದ ಸ್ನಾಯುವಿನಲ್ಲಿ ಅರ್ಧಕ್ಕಿಂತ ಆಳಕ್ಕೆ ಇಳಿದಿದೆಯಂತೆ, ಗಂಟುಗಳಿಗೆ (ದುಗ್ಧಗ್ರಂಥಿಗಳಿಗೆ) ಹೋಗಿಲ್ಲವಂತೆ. ಮುಂದೆ ರೇಡಿಯೇಷನ್ ಅಂದಿದ್ದಾರೆ.

ಈಗ ವಿಷಯ ಏನೆಂದರೆ, ಪುಣೆಯಲ್ಲಿರುವ ಕಾಕಾನ ಮಗ ಒಂದು ಸಂಶೋಧನಾ ಲೇಖನ ಕಳಿಸಿದ್ದಾನೆ. ಗರ್ಭಚೀಲದ ಕ್ಯಾನ್ಸರ್ ಗಡ್ಡೆಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಜೀನ್‌ಗಳನ್ನು ಅಳೆದರೆ ಒಂದು ಸ್ಕೋರ್ ಬರುತ್ತದಂತೆ. ಸ್ಕೋರ್ ಜಾಸ್ತಿ ಇದ್ದವರು ಬೇಗ ಹೋಗುತ್ತಾರೆ, ಕಡಿಮೆ ಇದ್ದವರು ಉಳಿಯುತ್ತಾರೆ ಅಂತ ಎರಡು ಗೆರೆಯ ಚಿತ್ರ ಹಾಕಿದ್ದಾರೆ. ಕೆಳಗೆ ಇಳಿಯುವ ಆ ಕೆಂಪು ಗೆರೆ ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ನಮ್ಮವ್ವ ಯಾವ ಗೆರೆಯಲ್ಲಿದ್ದಾಳೆ?

ಈ ಟೆಸ್ಟ್ ನಮ್ಮ ಕಡೆ ಎಲ್ಲಾದರೂ ಆಗುತ್ತದಾ? ಹೈದರಾಬಾದ್, ಬೆಂಗಳೂರು ಎಲ್ಲಿಗಾದರೂ ಹೋಗುತ್ತೇವೆ. ದುಡ್ಡಿನದ್ದು ಹೇಗಾದರೂ ಮಾಡುತ್ತೇವೆ.

ತೊಗರಿಕಣಜ

ಧೈರ್ಯ ತಗೋ ತಂಗಿ. ಸ್ಟೇಜ್ 1 ಅಂದರೆ ಬೇಗ ಸಿಕ್ಕಿದೆ ಅಂತ ಅರ್ಥ.

ಶಹಾಪುರ_ಮೇಷ್ಟ್ರು

ಮಗಳೇ, ಮೊದಲು ಒಂದು ಮಾತು. ನಿನ್ನ ತಾಯಿಗೆ ಬಂದಿರುವುದು ಗರ್ಭಚೀಲದ ಒಳಪದರದ ಕ್ಯಾನ್ಸರ್. ಗರ್ಭಕೊರಳಿನ ಕ್ಯಾನ್ಸರ್ ಬೇರೆ. ಎಚ್‌ಪಿವಿ ವೈರಸ್, ಅದರ ಲಸಿಕೆ, ಇವೆಲ್ಲ ಗರ್ಭಕೊರಳಿಗೆ ಸಂಬಂಧಿಸಿದ್ದು. ನಮ್ಮ ಜನ ಎರಡನ್ನೂ ಒಂದೇ ಅಂತ ಹೇಳಿ ಗೊಂದಲ ಮಾಡುತ್ತಾರೆ. ಇಲ್ಲಿ ಉತ್ತರ ಬರೆಯುವವರು ದಯವಿಟ್ಟು ಅದನ್ನು ನೆನಪಿಡಿ.

ಗಿಡಮೂಲಿಕೆ_ಮನೆ

ಅಕ್ಕಾ, ಲೇಖನದಲ್ಲೇ ಹೇಳಿದ್ದಾರಲ್ಲ, ರೋಗನಿರೋಧಕ ಶಕ್ತಿಯೇ ಎಲ್ಲ. ಆ ಶಕ್ತಿ ಹೆಚ್ಚಾದರೆ ಗಡ್ಡೆ ತಾನೇ ಕರಗುತ್ತದೆ. ಅಮೃತಬಳ್ಳಿ ಕಷಾಯ, ಅರಿಶಿನ, ಬೇವು ದಿನಾ ಎರಡು ಹೊತ್ತು ಕೊಡಿ. ನಮ್ಮ ಹತ್ತಿರ ಪುಡಿ ಸಿಗುತ್ತದೆ.

ಕಾರಂಜಾ_ಹುಡುಗ (ಬೀದರ್)

ಮೇಲಿನವರ ಮಾತು ಸರಿ ಇಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಅಕ್ಕಾ, ನನ್ನ ಎಂಎಸ್‌ಸಿ ಪ್ರಾಜೆಕ್ಟೇ ಇದು. ನೀವು ಓದಿದಂಥ ಲೆಕ್ಕ ನಾನೇ ಕೂತು ಮಾಡಿದ್ದೇನೆ. ಹಾಗಾಗಿ ಹೇಗೆ ಮಾಡುತ್ತಾರೆ ಅಂತ ಒಳಗಿನಿಂದ ಹೇಳುತ್ತೇನೆ.

ಅಮೆರಿಕದಲ್ಲಿ ಟಿಸಿಜಿಎ ಅಂತ ಒಂದು ದೊಡ್ಡ ಯೋಜನೆ ನಡೆಯಿತು. ಸಾವಿರಾರು ರೋಗಿಗಳ ಗಡ್ಡೆಗಳ ಜೀನ್ ಮಾಹಿತಿ ತೆಗೆದು ಎಲ್ಲರಿಗೂ ಬಿಟ್ಟಿಯಾಗಿ ಸಿಗುವಂತೆ ಇಟ್ಟಿದ್ದಾರೆ. ಅದರಲ್ಲಿ ಗರ್ಭಚೀಲದ ಒಳಪದರದ ಕ್ಯಾನ್ಸರ್ 500ಕ್ಕೂ ಜಾಸ್ತಿ ಇವೆ. ಲ್ಯಾಪ್‌ಟಾಪ್ ಇದ್ದರೆ ಸಾಕು, ಬೀದರ್‌ನಲ್ಲಿ ಕೂತು ಇಳಿಸಿಕೊಳ್ಳಬಹುದು. ಇನ್ನೊಂದು ಕಡೆ ಇಮ್ಯೂನ್ ಜೀನ್‌ಗಳ ಪಟ್ಟಿಯೂ ಸಿಗುತ್ತದೆ. ಎರಡನ್ನೂ ಸೇರಿಸಿ, ಯಾವ ಜೀನ್ ಜಾಸ್ತಿ ಕೆಲಸ ಮಾಡುತ್ತಿದ್ದಾಗ ರೋಗಿಗಳು ಬೇಗ ತೀರಿಕೊಂಡರು, ಯಾವುದು ಜಾಸ್ತಿ ಇದ್ದಾಗ ಜಾಸ್ತಿ ದಿನ ಬದುಕಿದರು ಅಂತ ಕಂಪ್ಯೂಟರ್ ಹುಡುಕುತ್ತದೆ. ಕೊನೆಗೆ ಐದೋ ಹತ್ತೋ ಜೀನ್ ಉಳಿಯುತ್ತವೆ. ಒಂದೊಂದಕ್ಕೂ ಒಂದು ತೂಕ ಕೊಟ್ಟು ಕೂಡಿಸಿದರೆ ಅದೇ ಸ್ಕೋರ್. ಎಲ್ಲರ ಸ್ಕೋರನ್ನೂ ಸಾಲಾಗಿ ಇಟ್ಟು ಸರಿಯಾಗಿ ನಡುವೆ ಗೆರೆ ಎಳೆಯುತ್ತಾರೆ. ಮೇಲಿನ ಅರ್ಧ ಹೈ ರಿಸ್ಕ್, ಕೆಳಗಿನ ಅರ್ಧ ಲೋ ರಿಸ್ಕ್. ನೀವು ನೋಡಿದ ಕೆಂಪು ಗೆರೆ ಹುಟ್ಟಿದ್ದು ಹೀಗೆ.

ನಾನು ಮಾಡಿದಾಗ ಮೊದಲ ಸಲ 9 ಜೀನ್ ಬಂದವು. ರೋಗಿಗಳನ್ನು ಎರಡು ಪಾಲು ಮಾಡುವ ರೀತಿಯನ್ನು ಸ್ವಲ್ಪ ಬದಲಿಸಿ ಮತ್ತೆ ಮಾಡಿದೆ, 6 ಬಂದವು. ಎರಡರಲ್ಲೂ ಇದ್ದದ್ದು ಎರಡೇ ಜೀನ್! ಗೈಡ್ ಹತ್ತಿರ ಹೋಗಿ ಕೇಳಿದೆ, ಸರ್ ಇದರಲ್ಲಿ ಯಾವುದು ನಿಜ ಅಂತ. ಅಂಥ ಲೇಖನಗಳು ಎಷ್ಟೊಂದು ಇವೆ, ಒಂದರ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೇ ಕೈ ಮುಗಿದು ಹೇಳುತ್ತೇನೆ, ಆ ಗೆರೆಯ ಮೇಲೆ ಅವ್ವನನ್ನು ಕೂರಿಸಬೇಡಿ.

ತೊಗರಿಕಣಜ

ತಮ್ಮ ಹೇಳಿದ್ದು ನನಗೆ ತಿಳಿಯಿತು. ಒಂದೇ ವರ್ಷದ ಮಳೆ ನೋಡಿ, ಯಾವ ದಿನ ಬಿತ್ತಿದವನಿಗೆ ಎಷ್ಟು ಚೀಲ ತೊಗರಿ ಬಂತು ಅಂತ ಲೆಕ್ಕ ಹಾಕಿದ ಹಾಗೆ. ಆ ವರ್ಷಕ್ಕೆ ಲೆಕ್ಕ ಪಕ್ಕಾ ಕೂರುತ್ತದೆ. ಮುಂದಿನ ವರ್ಷ ಅದೇ ಲೆಕ್ಕ ನಂಬಿ ಬಿತ್ತಿದರೆ ಮನೆ ಮುಳುಗುತ್ತದೆ.

ಕಾರಂಜಾ_ಹುಡುಗ (ಬೀದರ್)

ಕಾಕಾ, ನನ್ನ ವೈವಾದಲ್ಲಿ ಈ ಮಾತು ಹೇಳಿದ್ದರೆ ಮಾರ್ಕ್ಸ್ ಜಾಸ್ತಿ ಬರುತ್ತಿತ್ತು.

2011ರಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಒಂದು ಅಧ್ಯಯನ ಬಂತು. ಕ್ಯಾನ್ಸರ್‌ಗೆ ಸಂಬಂಧವೇ ಇಲ್ಲದ ಜೀನ್ ಗುಂಪುಗಳನ್ನು ತೆಗೆದುಕೊಂಡು ನೋಡಿದರು. ಊಟದ ನಂತರ ನಗುವಾಗ ಬದಲಾಗುವ ಜೀನ್‌ಗಳ ಗುಂಪೂ ಅದರಲ್ಲಿತ್ತು. ಅದು ಕೂಡ ರೋಗಿ ಎಷ್ಟು ದಿನ ಬದುಕುತ್ತಾರೆ ಅನ್ನುವುದರ ಜೊತೆ ಚೆನ್ನಾಗಿ ಹೊಂದಿಕೊಂಡಿತು. ಕಣ್ಣುಮುಚ್ಚಿ ಆಯ್ದ ಜೀನ್ ಗುಂಪುಗಳೂ ಹೊಂದಿದವು. ಗಡ್ಡೆಯಲ್ಲಿ ಎಷ್ಟೋ ಜೀನ್‌ಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅಷ್ಟರಿಂದಲೇ ಗೆರೆಗಳು ಬೇರೆ ಆಗಿಬಿಡುತ್ತವೆ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ನಾನು ಸ್ತ್ರೀರೋಗ ವೈದ್ಯೆ. ತಮ್ಮಾ, ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಓದಿದವರಿಗೆ ಇಮ್ಯೂನ್ ವಿಷಯವೇ ಸುಳ್ಳು ಅನ್ನಿಸಬಾರದು. ಗರ್ಭಚೀಲದ ಕ್ಯಾನ್ಸರ್‌ನಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರ ತುಂಬಾ ದೊಡ್ಡದು. ಲ್ಯಾಪ್‌ಟಾಪ್ ಸ್ಕೋರ್‌ಗಿಂತ ಗಟ್ಟಿಯಾದ ದಾರಿ ಬೇರೆ ಇದೆ, ಅದು ಈಗಾಗಲೇ ಬಳಕೆಯಲ್ಲೂ ಇದೆ.

2013ರಲ್ಲಿ ಅದೇ ಟಿಸಿಜಿಎ ತಂಡ 373 ಗಡ್ಡೆಗಳನ್ನು ನೋಡಿ, ಮೇಲ್ನೋಟಕ್ಕೆ ಒಂದೇ ತರಹ ಕಾಣುವ ಈ ಕ್ಯಾನ್ಸರ್ ಒಳಗಿನಿಂದ ನಾಲ್ಕು ಬಗೆ ಅಂತ ತೋರಿಸಿತು. ಒಂದು ಬಗೆಯಲ್ಲಿ ಪೋಲ್-ಇ ಅನ್ನುವ ಜೀನ್ ಕೆಟ್ಟಿರುತ್ತದೆ. ಡಿಎನ್‌ಎ ನಕಲಾಗುವಾಗ ಅಲ್ಲೇ ತಪ್ಪು ತಿದ್ದುವ ಕೆಲಸ ಅದರದ್ದು. ಎರಡನೆಯದರಲ್ಲಿ ಎಂಎಂಆರ್ ಕೆಟ್ಟಿರುತ್ತದೆ, ಅದು ನಕಲಾದ ಮೇಲೆ ಉಳಿದ ತಪ್ಪು ಸರಿಮಾಡುವ ವ್ಯವಸ್ಥೆ. ಮೂರನೆಯದರಲ್ಲಿ ಪಿ53 ಅನ್ನುವ ಜೀನ್ ಕೆಟ್ಟಿರುತ್ತದೆ. ಈ ಮೂರೂ ಇಲ್ಲದ್ದು ನಾಲ್ಕನೆಯದು.

ಈಗ ಇಮ್ಯೂನ್ ಎಲ್ಲಿ ಬಂತು? ಮೊದಲ ಎರಡು ಬಗೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ತಪ್ಪು ಜಾಸ್ತಿ ಆದಷ್ಟೂ ಗಡ್ಡೆ ವಿಚಿತ್ರವಾದ ಪ್ರೋಟೀನ್ ತಯಾರಿಸುತ್ತದೆ. ಅದನ್ನು ನೋಡಿ ನಮ್ಮ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) 'ಇದು ನಮ್ಮದಲ್ಲ' ಅಂತ ಗುರುತಿಸಿ ಒಳಗೆ ನುಗ್ಗುತ್ತವೆ. ಹಾಗಾಗಿ ಅಂಥ ಗಡ್ಡೆಯಲ್ಲಿ ಇಮ್ಯೂನ್ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿರುತ್ತವೆ. ಜೀನ್ ಸ್ಕೋರ್‌ಗಳು ಎಷ್ಟೋ ಸಲ ಇದನ್ನೇ ಸುತ್ತು ಬಳಸಿ ಅಳೆಯುತ್ತಿರುತ್ತವೆ ಅಂತ ನನ್ನ ಅನಿಸಿಕೆ.

ಪೋರ್ಟೆಕ್-3 ಅನ್ನುವ ಪ್ರಯೋಗದಲ್ಲಿದ್ದ 410 ರೋಗಿಗಳ ಗಡ್ಡೆಗಳನ್ನು ಹೀಗೆ ವಿಂಗಡಿಸಿ 2020ರಲ್ಲಿ ಪ್ರಕಟಿಸಿದರು. ಅವರೆಲ್ಲ ಅಪಾಯ ಜಾಸ್ತಿ ಇದ್ದವರು. ಐದು ವರ್ಷ ರೋಗ ಮರಳದೆ ಇದ್ದವರು ಪೋಲ್-ಇ ಗುಂಪಿನಲ್ಲಿ ನೂರಕ್ಕೆ 98. ಎಂಎಂಆರ್ ಕೆಟ್ಟವರಲ್ಲಿ 72. ನಾಲ್ಕನೆಯ ಗುಂಪಿನಲ್ಲಿ 74. ಪಿ53 ಕೆಟ್ಟವರಲ್ಲಿ 48. ಎಷ್ಟು ವ್ಯತ್ಯಾಸ ನೋಡಿ. ಅದಕ್ಕೇ 2023ರಲ್ಲಿ ಫಿಗೋ ಅನ್ನುವ ಸ್ತ್ರೀರೋಗ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ ಸ್ಟೇಜ್ ಹೇಳುವ ನಿಯಮಕ್ಕೇ ಪೋಲ್-ಇ ಮತ್ತು ಪಿ53 ಫಲಿತಾಂಶವನ್ನು ಸೇರಿಸಿತು.

ತಂಗೀ, ನೀವು ಕೇಳಬೇಕಾದ ಟೆಸ್ಟ್ ಇದು. ಎಂಎಂಆರ್ ಮತ್ತು ಪಿ53 ಸ್ಟೇನಿಂಗ್ ಮಾಡಿಸಿದ್ದೀರಾ ಅಂತ ರೇಡಿಯೇಷನ್ ಶುರುವಾಗುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

ಅವ್ವನಮಗಳು (ಕಲಬುರಗಿ)

ಮೇಡಂ, ತುಂಬಾ ಉಪಕಾರ ಆಯಿತು. ರಿಪೋರ್ಟ್ ಮತ್ತೆ ಮತ್ತೆ ನೋಡಿದೆ. ಆ ಎರಡು ಹೆಸರು ಎಲ್ಲೂ ಇಲ್ಲ. ಈಗ ಇದಕ್ಕೆ ಮತ್ತೆ ತುಣುಕು ತೆಗೆಯಬೇಕಾ? ಅವ್ವ ಇನ್ನೊಂದು ಸಲ ಥಿಯೇಟರ್‌ಗೆ ಬರುವುದಿಲ್ಲ, ಖಂಡಿತ.

ಲ್ಯಾಬ್_ಅಕ್ಕ

ಬೇಡವೇ ಬೇಡ. ಇದು ನನ್ನ ದಿನದ ಕೆಲಸ, 14 ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆಪರೇಷನ್‌ನಲ್ಲಿ ತೆಗೆದದ್ದು ಫಾರ್ಮಲಿನ್ ಡಬ್ಬಿಯಲ್ಲಿ ನಮ್ಮ ಹತ್ತಿರ ಬರುತ್ತದೆ. ಚಿಕ್ಕ ಚಿಕ್ಕ ತುಂಡು ಮಾಡಿ ಮೇಣದಲ್ಲಿ ಕೂರಿಸುತ್ತೇವೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ವರ್ಷಗಟ್ಟಲೆ ಕೆಡುವುದಿಲ್ಲ. ಅದರಿಂದಲೇ ಕೂದಲಿಗಿಂತ ತೆಳು ಪದರ ಕತ್ತರಿಸಿ ಬಣ್ಣ ಹಾಕಿದರೆ ಎಂಎಂಆರ್, ಪಿ53 ಎರಡೂ ಗೊತ್ತಾಗುತ್ತದೆ. ಐಎಚ್‌ಸಿ ಅಂತ ಕೇಳಿ, ಎಲ್ಲರಿಗೂ ಅರ್ಥವಾಗುತ್ತದೆ. ಎಂಎಂಆರ್‌ಗೆ ನಾಲ್ಕು ಬಣ್ಣ ಹಾಕುತ್ತಾರೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6.

ಪೋಲ್-ಇ ಮಾತ್ರ ಬಣ್ಣದಲ್ಲಿ ಕಾಣುವುದಿಲ್ಲ. ಡಿಎನ್‌ಎ ಓದಬೇಕು, ಬ್ಲಾಕನ್ನು ದೊಡ್ಡ ಊರಿಗೆ ಕಳಿಸಬೇಕು.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಟಿಸಿಜಿಎ ಗಡ್ಡೆಗಳನ್ನು ತೆಗೆದ ಕೂಡಲೇ ಘನೀಕರಿಸಿ ಇಟ್ಟಿದ್ದರು. ಹಾಗೆ ಇಟ್ಟರೆ ಆರ್‌ಎನ್‌ಎ ಹಾಗೇ ಉಳಿಯುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವುದು ಈ ಆರ್‌ಎನ್‌ಎಯಿಂದಲೇ. ನಮ್ಮ ಫಾರ್ಮಲಿನ್ ಬ್ಲಾಕ್‌ನಲ್ಲಿ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಬೇಸಿಗೆಯಲ್ಲಿ ಕಲಬುರಗಿ ಬಿಸಿಲು 43 ಡಿಗ್ರಿ, ಡಬ್ಬಿಯಲ್ಲಿ ಫಾರ್ಮಲಿನ್ ಕಡಿಮೆ ಹಾಕಿ ಎರಡು ದಿನ ತಡವಾಗಿ ಕಳಿಸಿದರೆ ಇನ್ನೂ ಕಷ್ಟ. ಅಲ್ಲಿ ಹುಟ್ಟಿದ ಸ್ಕೋರನ್ನು ಇಲ್ಲಿನ ಬ್ಲಾಕ್ ಮೇಲೆ ನೇರವಾಗಿ ಇಟ್ಟು 'ನೀವು ಹೈ ರಿಸ್ಕ್' ಅಂತ ಹೇಳುವುದು ತಪ್ಪು.

ಬ್ಲಾಕ್, ಸ್ಲೈಡ್ ಕೇಳಲು ಹೆದರಬೇಡಿ. ಅರ್ಜಿ ಬರೆದು ಕೊಡಿ, ರಿಪೋರ್ಟ್ ನಂಬರ್ ಹಾಕಿ. ತೆಗೆದುಕೊಂಡು ಹೋಗುವಾಗ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ಭೀಮಾ_ದಂಡೆ (ಅಫಜಲಪುರ)

ಲ್ಯಾಬ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಇದೇ ಕ್ಯಾನ್ಸರ್ ಆಗಿ ಆರು ವರ್ಷ ಆಯಿತು. ಬೇರೆ ಊರಿನ ಡಾಕ್ಟರ್ ಬ್ಲಾಕ್ ತನ್ನಿ ಅಂದರು. ನಾನು ಆಪರೇಷನ್ ಮಾಡಿಸಿಕೊಂಡ ಕಡೆ ಕೇಳಿದರೆ ಇವತ್ತು ಬಾ, ನಾಳೆ ಬಾ ಅಂತ 22 ದಿನ ಅಲೆಸಿದರು. ಕೊನೆಗೆ ಹುಡುಕಿದರೆ ಬೇರೆ ಯಾರದ್ದೋ ಡಬ್ಬದಲ್ಲಿ ಸಿಕ್ಕಿತು. ಆ 22 ದಿನ ನಾನು ಪಟ್ಟ ಸಂಕಟ ನನ್ನ ಶತ್ರುವಿಗೂ ಬೇಡ. ಅದಕ್ಕೆ ಹೇಳುತ್ತೇನೆ ಮಗಳೇ, ಇವತ್ತೇ ಹೋಗಿ ಅರ್ಜಿ ಕೊಡು.

ನಾನು ಈಗ ಆರಾಮ ಇದ್ದೇನೆ. ರೊಟ್ಟಿ ಬಡಿಯುತ್ತೇನೆ, ಹೊಲಕ್ಕೆ ಹೋಗುತ್ತೇನೆ. ನಿನ್ನವ್ವನಿಗೆ ಹೇಳು.

ಗಿಡಮೂಲಿಕೆ_ಮನೆ

ಯಾರೂ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ಇಮ್ಯೂನ್ ಮುಖ್ಯ ಅಂತ ಡಾಕ್ಟರೇ ಒಪ್ಪಿದರಲ್ಲ? ಹಾಗಿದ್ದರೆ ಅದನ್ನು ಹೆಚ್ಚಿಸಿದರೆ ತಪ್ಪೇನು?

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ತಪ್ಪು ಇದೆ, ಕೇಳಿ. ರೋಗನಿರೋಧಕ ವ್ಯವಸ್ಥೆ ಅಂದರೆ ಒಂದೇ ಗುಂಡಿ ಒತ್ತಿ ಏರಿಸುವ ಫ್ಯಾನ್ ಅಲ್ಲ. ಅದರಲ್ಲಿ ಓಡಿಸುವ ಜೀನ್‌ಗಳೂ ಇವೆ, ಬ್ರೇಕ್ ಹಾಕುವ ಜೀನ್‌ಗಳೂ ಇವೆ. ಪಿಡಿ-1, ಸಿಟಿಎಲ್‌ಎ-4 ಬ್ರೇಕ್‌ಗಳು. ಟಿ ಕಣಗಳು ಗಡ್ಡೆಯ ಪಕ್ಕದಲ್ಲೇ ನಿಂತಿರುತ್ತವೆ, ಗಡ್ಡೆ ಆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಈ ಬ್ರೇಕ್ ಬಿಡಿಸುವ ದಾರಿ ಕಂಡುಹಿಡಿದದ್ದಕ್ಕೇ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಇಬ್ಬರಿಗೆ 2018ರಲ್ಲಿ ನೊಬೆಲ್ ಬಂತು. ಎಂಎಂಆರ್ ಕೆಟ್ಟ, ಮುಂದುವರಿದ ಗರ್ಭಚೀಲದ ಕ್ಯಾನ್ಸರ್‌ನಲ್ಲಿ ಇಂಥ ಒಂದು ಔಷಧ, ದೋಸ್ತರ್ಲಿಮ್ಯಾಬ್, ಕೀಮೋ ಜೊತೆ ಕೊಟ್ಟಾಗ ಎರಡು ವರ್ಷದ ನಂತರವೂ ರೋಗ ಬೆಳೆಯದೆ ಇದ್ದವರು ನೂರಕ್ಕೆ 61. ಬರೀ ಕೀಮೋ ಕೊಟ್ಟವರಲ್ಲಿ 16ರ ಆಸುಪಾಸು. 2023ರಲ್ಲಿ ಪ್ರಕಟವಾದದ್ದು.

ಈ ಕೆಲಸ ಕಷಾಯದಿಂದ ಆಗುವುದಿಲ್ಲ. ಗೊತ್ತಿಲ್ಲದ ಪುಡಿ ಕುಡಿದು ಲಿವರ್ ಕೆಟ್ಟು, ಕೀಮೋ ನಿಲ್ಲಿಸಬೇಕಾಗಿ ಬಂದವರನ್ನು ನಾನೇ ನೋಡಿದ್ದೇನೆ. ಮನೆಯ ಅಡುಗೆಯ ಅರಿಶಿನಕ್ಕೆ ನನ್ನ ತಕರಾರಿಲ್ಲ. ಪುಡಿ ಮಾರಬೇಡಿ, ಅದೂ ಇಂಥ ಮನೆಯವರಿಗೆ.

ಗಿಡಮೂಲಿಕೆ_ಮನೆ

ನಮ್ಮ ಅಜ್ಜನ ಕಾಲದಿಂದ ಕೊಡುತ್ತಿದ್ದೇವೆ.

ಭೀಮಾ_ದಂಡೆ (ಅಫಜಲಪುರ)

ಅಜ್ಜನ ಕಾಲದಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋದ ಹೆಂಗಸು ಹಾಸಿಗೆ ಹಿಡಿದು ಹೋಗುತ್ತಿದ್ದಳು, ಏನಾಗಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಅತ್ತೆ ಹಾಗೇ ಹೋದರು. ಸಾಕು ಮಾಡಿ.

ತೊಗರಿಕಣಜ

ಗರ್ಭಚೀಲದ ಮಾತು ಬಂದಿದೆ, ಹೇಳದೆ ಇರಲಾರೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ, ಕೇರಿಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಗರ್ಭಚೀಲ ಸುಮ್ನೆ ತೆಗೆದುಬಿಟ್ಟರು! ಬಿಳಿಸೆರಗು ಅಂತ ಹೋದರೆ, ಸೊಂಟ ನೋವು ಅಂತ ಹೋದರೆ, 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಅಂತ ಹೆದರಿಸಿದರು. 2015ರ ಹೊತ್ತಿಗೆ ತನಿಖೆ ಆಯಿತು, ಪತ್ರಿಕೆಗಳಲ್ಲಿ ಬಂತು, ಹೆಂಗಸರು ಡಿಸಿ ಆಫೀಸ್ ಮುಂದೆ ಧರಣಿ ಕೂತರು. 40 ತುಂಬದವರೂ ಇದ್ದರು ಅದರಲ್ಲಿ. ನಮ್ಮ ಹೊಲಕ್ಕೆ ಕೆಲಸಕ್ಕೆ ಬರುವ ಇಬ್ಬರಿಗೆ ಹಾಗೇ ಆಗಿದೆ. ಸಾಲ ಮಾಡಿ ತೆಗೆಸಿಕೊಂಡರು, ಈಗ ಎಲುಬು ನೋವು ಅಂತ ನರಳುತ್ತಾರೆ.

ಶಹಾಪುರ_ಮೇಷ್ಟ್ರು

ವಿಷಯ ದಾರಿ ತಪ್ಪುತ್ತಿದೆ ಕಾಕಾ.

ತೊಗರಿಕಣಜ

ತಪ್ಪಿಲ್ಲ ಸರ್. ಕ್ಯಾನ್ಸರ್ ಅನ್ನುವ ಹೆಸರು ಹೇಳಿ ಹೆದರಿಸುವುದು ನಮ್ಮ ಕಡೆ ಹಳೇ ದಂಧೆ. ನಾಳೆ ಯಾರೋ ಬಂದು ನಿಮ್ಮ ಜೀನ್ ಸ್ಕೋರ್ ಕೆಟ್ಟದಿದೆ, ಗರ್ಭಚೀಲ ತೆಗೆಸಿ ಅಂದರೆ? ಅದಕ್ಕೇ ಕೇಳುತ್ತಿದ್ದೇನೆ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ಕಾಕಾ ಹೇಳಿದ ಭಯ ನಿಜವಾದದ್ದು, ನಾನು ಅವರ ಕಡೆ ಇದ್ದೇನೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅನಗತ್ಯ ಗರ್ಭಚೀಲ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ಬಿಳಿಸೆರಗಿಗೆ ಗರ್ಭಚೀಲ ತೆಗೆಯುವುದು ಚಿಕಿತ್ಸೆ ಅಲ್ಲ.

ಆದರೆ ಇದರಿಂದ ಇನ್ನೊಂದು ಅನಾಹುತ ಆಗಿದೆ. ಈಗ ನಿಜವಾಗಿ ರಕ್ತ ಹೋಗುವವರೂ 'ಡಾಕ್ಟರ್ ಹತ್ತಿರ ಹೋದರೆ ಚೀಲ ತೆಗೆಯುತ್ತಾರೆ' ಅಂತ ಬರುವುದಿಲ್ಲ. ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ನೂರಕ್ಕೆ 90 ಜನರಿಗೆ ಮೊದಲು ಕಾಣುವುದೇ ಮುಟ್ಟು ನಿಂತ ಮೇಲಿನ ರಕ್ತ. ಹಾಗೆ ರಕ್ತ ಹೋದ ನೂರು ಜನರಲ್ಲಿ ಕ್ಯಾನ್ಸರ್ ಇರುವುದು ಒಂಬತ್ತು ಜನರಿಗೆ ಮಾತ್ರ. ಅಂದರೆ ಹೆದರುವ ಕಾರಣ ಕಡಿಮೆ, ತೋರಿಸುವ ಕಾರಣ ಜಾಸ್ತಿ. ಒಂದು ಹನಿ ಆದರೂ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು, ತೂಕ ಜಾಸ್ತಿ ಇದ್ದವರು, ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ಮಾತ್ರೆ ತಗೊಂಡವರು ಇನ್ನೂ ಎಚ್ಚರ ಇರಬೇಕು.

ಹುಮನಾಬಾದ್_ಅಣ್ಣ

ದುಡ್ಡಿನ ಮಾತು ಬಂದಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿದ್ದೀರಾ? ಬಿಪಿಎಲ್ ಆದರೆ ಮನೆಗೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೇ ಇದೆ, ಮೊದಲು ಅಲ್ಲೇ ವಿಚಾರಿಸಿ. ಬೀದರ್ ಕಡೆಯವರು ಹೈದರಾಬಾದ್‌ಗೆ ಓಡುತ್ತೇವೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಓಡುತ್ತೀರಿ. ಗಡಿ ದಾಟುವ ಮುಂಚೆ ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದಾ ಅಂತ ಕೇಳಿಕೊಂಡೇ ಹೋಗಿ. ನಮ್ಮ ಕಾಕಿಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು, ಕೈಯಿಂದ ಕಟ್ಟಿದೆವು.

ಅವ್ವನಮಗಳು (ಕಲಬುರಗಿ)

ಅಣ್ಣಾ, ಕಾರ್ಡ್ ಇದೆ. ಬ್ಲಾಕ್‌ಗೆ ಅರ್ಜಿ ಕೊಟ್ಟು ಬಂದೆ. ನಮ್ಮ ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, 'ಒಳ್ಳೆಯದೇ, ನಾನೇ ಬರೆದುಕೊಡುತ್ತೇನೆ' ಅಂದರು. ನಾನೇ ಕೇಳಲು ಅಂಜುತ್ತಿದ್ದೆ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ಒಳ್ಳೆಯ ಕೆಲಸ. ಒಂದು ಪ್ರಶ್ನೆ, ಮೊದಲೇ ಕೇಳಬೇಕಿತ್ತು. ನಿಮ್ಮ ತಾಯಿಯ ತವರಿನ ಕಡೆ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ? ಮುಖ್ಯವಾಗಿ ಕರುಳಿಗೆ, ಗರ್ಭಚೀಲಕ್ಕೆ. 50ರ ಒಳಗೆ ಆಗಿದ್ದರೆ ಖಂಡಿತ ಹೇಳಿ.

ಅವ್ವನಮಗಳು (ಕಲಬುರಗಿ)

ಮಾಮಾನಿಗೆ, ಅಂದರೆ ಅವ್ವನ ಅಣ್ಣನಿಗೆ, ದೊಡ್ಡ ಕರುಳಲ್ಲಿ ಗಡ್ಡೆ ಆಗಿತ್ತು. ಆಗ ಅವರಿಗೆ 44. ಆಪರೇಷನ್ ಆಗಿ ಮೂರು ವರ್ಷಕ್ಕೆ ತೀರಿಕೊಂಡರು. ಅಜ್ಜಿ ಹೊಟ್ಟೆಯ ಗಡ್ಡೆಯಿಂದ ಹೋದರು ಅಂತ ಹೇಳುತ್ತಾರೆ, ಯಾವ ಗಡ್ಡೆ ಗೊತ್ತಿಲ್ಲ. ಇದನ್ನೆಲ್ಲ ಯಾಕೆ ಕೇಳುತ್ತಿದ್ದೀರಿ ಮೇಡಂ? ಹೆದರಿಕೆ ಆಗುತ್ತಿದೆ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ಹೆದರಿಸಲು ಅಲ್ಲ. ಐಎಚ್‌ಸಿ ರಿಪೋರ್ಟ್ ಬರಲಿ, ಆಗ ಹೇಳುತ್ತೇನೆ.

ಕಾರಂಜಾ_ಹುಡುಗ (ಬೀದರ್)

ಮೇಡಂ ಲಿಂಚ್ ಬಗ್ಗೆ ಯೋಚಿಸುತ್ತಿದ್ದಾರೆ ಅಲ್ವಾ?

ಶಹಾಪುರ_ಮೇಷ್ಟ್ರು

ಅರ್ಧ ಹೇಳಿ ಬಿಡುವುದು ಸರಿಯಲ್ಲ. ಆ ಹುಡುಗಿ ರಾತ್ರಿಯೆಲ್ಲ ಗೂಗಲ್ ಮಾಡುತ್ತಾಳೆ. ಹೇಳುವುದಾದರೆ ಪೂರ್ತಿ ಹೇಳಿ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ಸರ್ ಹೇಳಿದ್ದು ಸರಿ, ನನ್ನದೇ ತಪ್ಪು. ಎಂಎಂಆರ್ ಅಂತ ಹೇಳಿದೆನಲ್ಲ, ಅದು ಎರಡು ರೀತಿ ಕೆಡುತ್ತದೆ. ಬಹಳ ಜನರಲ್ಲಿ ವಯಸ್ಸಾದ ಮೇಲೆ ಗಡ್ಡೆಯೊಳಗೆ ಮಾತ್ರ ಕೆಡುತ್ತದೆ, ಮಕ್ಕಳಿಗೆ ಸಂಬಂಧ ಇಲ್ಲ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಬರುತ್ತದೆ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನೇ ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. ಅಂಥವರಿಗೆ ಕರುಳಿನ ಕ್ಯಾನ್ಸರ್, ಹೆಂಗಸರಿಗೆ ಗರ್ಭಚೀಲದ ಕ್ಯಾನ್ಸರ್ ಬರುವ ಸಂಭವ ಜಾಸ್ತಿ.

ಇದರ ಕಥೆ ನಮ್ಮ ಪಾಠದಲ್ಲಿ ಓದಿದಾಗಿನಿಂದ ನನ್ನ ಮನಸ್ಸಲ್ಲಿ ಇದೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ವಾರ್ತಿನ್ ಅನ್ನುವ ಡಾಕ್ಟರ್ ಹತ್ತಿರ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ಹೇಳಿದಳಂತೆ, ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ, ಕರುಳು, ಗರ್ಭಚೀಲದ ಕ್ಯಾನ್ಸರ್‌ನಿಂದಲೇ ಹೋಗುತ್ತಾರೆ, ನಾನೂ ಹಾಗೇ ಹೋಗುತ್ತೇನೆ ಅಂತ. ಅವಳು ಹೇಳಿದಂತೆ ಗರ್ಭಚೀಲದ ಕ್ಯಾನ್ಸರ್‌ನಿಂದಲೇ ತೀರಿಕೊಂಡಳು. ವಾರ್ತಿನ್ ಅವಳ ಮನೆತನದ ವಿವರ ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಆ ವಂಶದಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿದ್ದು 2000ದಲ್ಲಿ, ಎಂಎಸ್‌ಎಚ್2. ಅವಳಿಗೆ ಯಾವ ಟೆಸ್ಟೂ ಇರಲಿಲ್ಲ, ಮನೆಯ ಸಾವುಗಳನ್ನು ಲೆಕ್ಕ ಇಟ್ಟಿದ್ದಳು ಅಷ್ಟೇ.

ನಿಮ್ಮ ಮಾಮಾನ ವಯಸ್ಸು ಕೇಳಿ ನನಗೆ ಅದೇ ನೆನಪಾಯಿತು.

ಅವ್ವನಮಗಳು (ಕಲಬುರಗಿ)

ಹದಿಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ರಿಪೋರ್ಟ್ ಬಂತು. ಇದ್ದ ಹಾಗೇ ಬರೆಯುತ್ತೇನೆ. ಪಿ53 ಸಹಜ. ಎಂಎಲ್‌ಎಚ್1 ಇದೆ, ಪಿಎಂಎಸ್2 ಇದೆ. ಎಂಎಸ್‌ಎಚ್2 ಇಲ್ಲ, ಎಂಎಸ್‌ಎಚ್6 ಇಲ್ಲ.

ಲ್ಯಾಬ್_ಅಕ್ಕ

ಎಂಎಸ್‌ಎಚ್2, ಎಂಎಸ್‌ಎಚ್6 ಜೋಡಿ. ಎಂಎಸ್‌ಎಚ್2 ಹೋದರೆ ಅದರ ಜೊತೆ ಎಂಎಸ್‌ಎಚ್6 ಕೂಡ ನಿಲ್ಲುವುದಿಲ್ಲ. ಹಾಗಾಗಿ ಎರಡೂ ಕಾಣುವುದಿಲ್ಲ.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ತಂಗೀ, ಸಮಾಧಾನದಿಂದ ಓದಿ. ಪಿ53 ಸಹಜ ಅನ್ನುವುದು ಒಳ್ಳೆಯ ಸುದ್ದಿ. ಎಂಎಂಆರ್ ಕೆಟ್ಟಿದೆ ಅನ್ನುವುದೂ ಪೂರ್ತಿ ಕೆಟ್ಟ ಸುದ್ದಿ ಅಲ್ಲ. ಮುಂದೆ ಎಂದಾದರೂ ರೋಗ ಮರಳಿದರೆ, ಮರಳದಿರಲಿ, ಆಗ ಬ್ರೇಕ್ ಬಿಡಿಸುವ ಔಷಧ ಅವ್ವನ ಗಡ್ಡೆಯ ಮೇಲೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ ಅಂತ ಅರ್ಥ. ಅದು ದುಬಾರಿ ಔಷಧ, ಈಗ ಅದರ ಅಗತ್ಯವೂ ಇಲ್ಲ. ಈಗಿನ ರೇಡಿಯೇಷನ್ ಡಾಕ್ಟರ್ ಹೇಳಿದಂತೆ ನಡೆಯಲಿ.

ಆದರೆ ಎಂಎಸ್‌ಎಚ್2 ಜೋಡಿ ಹೋಗಿದ್ದರೆ ಲಿಂಚ್ ಇರುವ ಅನುಮಾನ ಗಟ್ಟಿ. ಅವ್ವನ ರಕ್ತದಲ್ಲಿ ಜೀನ್ ಟೆಸ್ಟ್ ಮಾಡಿಸಬೇಕು. ನೀವು ದುಡ್ಡು ಹಾಕುವುದಾದರೆ ಸ್ಕೋರ್‌ಗೆ ಬೇಡ, ಇದಕ್ಕೆ ಹಾಕಿ. ಟೆಸ್ಟ್‌ಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಇರುವ ಕಡೆ ಒಮ್ಮೆ ಕೂತು ಮಾತಾಡಿ. ಅವ್ವನಲ್ಲಿ ಸಿಕ್ಕಿದರೆ ನಿಮಗೆ, ನಿಮ್ಮ ತಮ್ಮ ತಂಗಿಯರಿಗೆ, ಮಾಮಾನ ಮಕ್ಕಳಿಗೆ ಆ ಒಂದೇ ತಪ್ಪು ಇದೆಯಾ ಅಂತ ನೋಡಿದರೆ ಸಾಕು. ಇದ್ದವರಿಗೆ 20ರಿಂದ 25ನೇ ವಯಸ್ಸಿನಲ್ಲೇ ಶುರುಮಾಡಿ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು, ಮಾಡುತ್ತಾರೆ. ಗಡ್ಡೆ ಆಗುವ ಮುಂಚೆಯೇ ಮೊಗ್ಗನ್ನು (ಪಾಲಿಪ್) ತೆಗೆದುಬಿಡಬಹುದು. ಎಂಎಸ್‌ಎಚ್2 ಕೆಟ್ಟ ಹೆಂಗಸರಲ್ಲಿ ಗರ್ಭಚೀಲದ ಕ್ಯಾನ್ಸರ್ ಜೀವಮಾನದಲ್ಲಿ ನೂರಕ್ಕೆ 40ರ ಮೇಲೆ. ಅದಕ್ಕೆ ಮಕ್ಕಳಾದ ಮೇಲೆ ಏನು ಮಾಡಬೇಕು ಅಂತ ನಿಧಾನವಾಗಿ ಮಾತಾಡಬಹುದು. ಇಲ್ಲದವರು ನಿಶ್ಚಿಂತೆಯಾಗಿ ಮಲಗಬಹುದು.

ತೊಗರಿಕಣಜ

ಮೇಡಂ, ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಈ ಹುಡುಗಿಗೂ ಇದೆ ಅಂತ ಬಂದರೆ ಮದುವೆ ವಿಷಯದಲ್ಲಿ ಜನ ಏನಂತಾರೆ?

ಭೀಮಾ_ದಂಡೆ (ಅಫಜಲಪುರ)

ಜನ ಅನ್ನುವುದು ಅನ್ನುತ್ತಲೇ ಇರುತ್ತಾರೆ ಅಣ್ಣಾ. ನನಗೆ ಚೀಲ ತೆಗೆದಾಗಲೂ ಅಂದರು. ಹುಡುಗಿ ಬದುಕಿದ್ದರೆ ತಾನೇ ಮದುವೆ.

ಹುಮನಾಬಾದ್_ಅಣ್ಣ

ರಿಪೋರ್ಟ್ ಊರಿಗೆಲ್ಲ ಹೇಳುವ ಅಗತ್ಯ ಇಲ್ಲ. ಮನೆಯಲ್ಲಿ ಯಾರಿಗೆ ಬೇಕೋ ಅವರಿಗೆ ಹೇಳಿದರೆ ಸಾಕು. ತಂಗೀ, ನಿಮ್ಮ ಮಾಮಾನ ಊರು ಯಾವುದು?

ಅವ್ವನಮಗಳು (ಕಲಬುರಗಿ)

ಚಿಟಗುಪ್ಪ ಹತ್ತಿರ ಅಣ್ಣಾ. ಮಾಮಾನಿಗೆ ಇಬ್ಬರು ಗಂಡುಮಕ್ಕಳು, ದೊಡ್ಡವನಿಗೆ ಈಗ 29. ಮೊನ್ನೆಯಷ್ಟೇ ಅತ್ತೆ ಫೋನಿನಲ್ಲಿ ಅವನಿಗೆ ಮಲದಲ್ಲಿ ರಕ್ತ ಬರುತ್ತದೆ, ಮೂಲವ್ಯಾಧಿ ಇರಬೇಕು ಅಂದಿದ್ದರು. ಆಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಫೋನಿನಲ್ಲಿ ಹೇಳುವುದು ಬೇಡ ಅನ್ನಿಸುತ್ತಿದೆ. ಈ ಭಾನುವಾರ ನಾನೇ ಹೋಗುತ್ತೇನೆ. ಮಾಮಾನ ಹಳೇ ಫೈಲ್ ಟ್ರಂಕಿನಲ್ಲಿ ಇದೆಯಂತೆ, ಅತ್ತೆ ಎಸೆದಿಲ್ಲ.

ಅವ್ವನ ರೇಡಿಯೇಷನ್ ಮಂಗಳವಾರದಿಂದ. ಆ ಎರಡು ಗೆರೆಯ ಲೇಖನ ಫೋನಿನಿಂದ ಅಳಿಸಿದೆ.

ಲ್ಯಾಬ್_ಅಕ್ಕ

ಫೈಲಿನಲ್ಲಿ ಬಯಾಪ್ಸಿ ನಂಬರ್ ಇದೆಯಾ ನೋಡಿ. ಆ ಲ್ಯಾಬ್‌ನಲ್ಲಿ ಮಾಮಾನ ಬ್ಲಾಕ್ ಇನ್ನೂ ಇರಬಹುದು.

ಡ್ಯೂಟಿ_ಮುಗಿದ_ಮೇಲೆ (ಯಾದಗಿರಿ)

ಆ ಹುಡುಗನನ್ನು ಮೂಲವ್ಯಾಧಿ ಅಂತ ಬಿಡಬೇಡಿ. ಸೋಮವಾರವೇ ತೋರಿಸಲು ಹೇಳಿ, ಮನೆಯ ಕಥೆ ಪೂರ್ತಿ ಡಾಕ್ಟರಿಗೆ ಹೇಳಲಿ.

ಹುಮನಾಬಾದ್_ಅಣ್ಣ

ಚಿಟಗುಪ್ಪ ನಮ್ಮ ಪಕ್ಕದ್ದೇ. ಭಾನುವಾರ ಹುಮನಾಬಾದ್‌ಗೆ ಬಂದು ಇಳಿಯಿರಿ, ನಾನೂ ನಮ್ಮನೆಯವಳೂ ಗಾಡಿ ತಗೊಂಡು ಸ್ಟ್ಯಾಂಡ್‌ಗೆ ಬರುತ್ತೇವೆ. ಒಬ್ಬರೇ ಹೋಗಿ ಇದನ್ನೆಲ್ಲ ಹೇಳುವುದು ಕಷ್ಟ.